ನರಿಕೊಂಬಿಗೆ ಹೋದ ಹೊಲಿಗೆ ಟೀಚರು

ಪಾಸ್‌ಪೋರ್ಟು, ವೀಸಾ ಇಲ್ಲದೆ ಪರದೇಶಕ್ಕೆ ಹೋಗಿಬಂದೆ ಅಂದರೆ ನಮ್ಮ ಮಹಾಲಿಂಗಪುರದ ಕಡೆಯವರು ನಗುತ್ತಾರೆ. ನಗಲಿ ಬಿಡಿ. ಆಡುವ ಮಾತು ನಮಗೆ ತಿಳಿಯದು, ಅನ್ನ ಕೆಂಪಗೆ ದಪ್ಪಗೆ, ರೊಟ್ಟಿ ಅಂದರೆ ನಮ್ಮ ರೊಟ್ಟಿಯಲ್ಲ, ಜಗಳವನ್ನೂ ದನಿ ಏರಿಸದೆ ಆಡುತ್ತಾರೆ. ಘಟ್ಟ ಇಳಿದ ಮೇಲಿನ ಆ ನಾಡನ್ನು ಪರದೇಶ ಅನ್ನದೆ ಏನನ್ನಲಿ? ಅವರಿಗೂ ನಾನು ಪರದೇಶದವಳೇ ಆಗಿದ್ದೆ. ಕನ್ನಡದಲ್ಲಿ ಮಾತಾಡಿದರೂ ಮತ್ತೆ ಮತ್ತೆ "ಎಂತ?" ಅನ್ನಿಸಿಕೊಂಡು ಕೊನೆಗೆ ಕೈಸನ್ನೆಗೆ ಇಳಿಯುತ್ತಿದ್ದೆ.

ಹೋದದ್ದು ಯಾಕೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಎಚ್‌ಐವಿ ಇದೆ. ಗಂಡ ತೀರಿಕೊಂಡ ವರ್ಷ ಗೊತ್ತಾಯಿತು. ಅತ್ತಷ್ಟು ಅತ್ತು, ಆಮೇಲೆ ದಿನಕ್ಕೊಂದು ಮಾತ್ರೆ ನುಂಗಿಕೊಂಡು, ಕಬ್ಬಿನ ಗದ್ದೆಯಲ್ಲಿ ದುಡಿದುಕೊಂಡು ಗಟ್ಟಿಮುಟ್ಟಾಗಿದ್ದೇನೆ. ನಮ್ಮ ಕಡೆ ಸಂತೆಯಲ್ಲಿ ಮೈಕು ಹಿಡಿದು, "ನನಗ ಐತಿ, ನಾನೇನ್ ಸತ್ತೇನೇನ್ರಿ? ನೀವೂ ಹೋಗಿ ರಕ್ತ ತೋರಿಸ್ರಿ" ಎಂದು ಕೂಗುವವಳು ನಾನೇ. ನನ್ನ ಗಂಟಲು ಹೇಗಿದೆ ಅಂದರೆ ಮೈಕು ಕೆಟ್ಟರೂ ಇಡೀ ಸಂತೆ ನಿಂತು ಕೇಳುತ್ತದೆ. ಆ ಗಂಟಲಿನ ಸುದ್ದಿ ಬಂಟ್ವಾಳದವರೆಗೂ ಹೋಗಿತ್ತು. ಅಲ್ಲಿ ಎಚ್‌ಐವಿ ಇರುವವರ ಸಣ್ಣದೊಂದು ಕೂಟ ನಡೆಸುವ ಜೊಹರಾ ಎಂಬ ಹೆಂಗಸು, "ಬಂದು ನಮ್ಮವರಿಗೆ ನಾಲ್ಕು ಧೈರ್ಯದ ಮಾತು ಹೇಳಿ" ಎಂದು ಕರೆದಳು. ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಹೊರಟೆ.

ಫರಂಗಿಪೇಟೆ

ಮಂಗಳೂರಿನಿಂದ ಹತ್ತಿದ ಬಸ್ಸು ಹೆದ್ದಾರಿಯಲ್ಲಿ ಯಾರದೋ ಮೇಲೆ ಸಿಟ್ಟು ಬಂದಂತೆ ಓಡುತ್ತಿತ್ತು. ಪಕ್ಕದ ಸೀಟಿನ ಹೆಂಗಸು ನನ್ನ ಸೀರೆಯ ಸೆರಗು ನೋಡಿ, ಮೆಲ್ಲಗೆ, ಪುಸ್ತಕ ಓದುವ ಕನ್ನಡದಲ್ಲಿ ಕೇಳಿದಳು: "ನೀವು ದೂರದವರಾ? ಯಾರ ಮನೆಗೆ ಹೋಗುವುದು?"

ನಮ್ಮೂರಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವುದು ಮರ್ಯಾದೆ. "ಎಚ್‌ಐವಿ ಸಂಘದ ಜೊಹರಾ ಅದಾರಲ್ರಿ, ಅವರ ಮನೀಗ್ರಿ," ಎಂದೆ. ನನ್ನ ಸಹಜ ದನಿಯಲ್ಲೇ ಅಂದೆ. ಮುಂದಿನ ಸೀಟಿನವರೂ ಹಿಂದಿನ ಸೀಟಿನವರೂ ಒಟ್ಟಿಗೆ ಸುಮ್ಮನಾದರು. ಕಂಡಕ್ಟರನ ಸೀಟಿ ಕೂಡ ಅರ್ಧಕ್ಕೆ ನಿಂತಿತು.

ಬಂಟ್ವಾಳಕ್ಕೆ ಮೊದಲೇ ಸಿಗುವ ಫರಂಗಿಪೇಟೆಯ ಸ್ಟಾಪಿನಲ್ಲಿ ಕಾಯುತ್ತಿದ್ದ ಜೊಹರಾಗೆ ಇದನ್ನು ಹೇಳಿದಾಗ ಅವಳು ತಲೆಯ ಮೇಲಿನ ಸೆರಗು ಎಳೆದುಕೊಂಡು ಹಣೆ ಹಿಡಿದಳು. "ಎಂತ ಮಾಡಿದಿರಿ ಮಾರಾಯ್ರೆ! ಇಲ್ಲಿ ನಾನು ಸಕ್ಕರೆ ಕಾಯಿಲೆಯವರಿಗೆ ಸಹಾಯ ಮಾಡ್ತೇನೆ ಅಂತ ಎಲ್ಲರಿಗೂ ಹೇಳಿ ಇಟ್ಟಿದ್ದೇನೆ."

ಜೊಹರಾ ಮೊದಲು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದವಳು. ಅವಳಿಗೆ ಈ ಸೋಂಕಿಲ್ಲ. ಲ್ಯಾಬಿನಲ್ಲಿ ಫಲಿತಾಂಶ ಹಿಡಿದು ಹೊರಗೆ ಕುಸಿದವರನ್ನು ನೋಡಿ ನೋಡಿ ಈ ಕೆಲಸಕ್ಕೆ ಬಂದವಳು. ಗಂಡ ಸೌದಿಯ ದಮ್ಮಾಮಿನಲ್ಲಿ ಅಂಗಡಿ ಇಟ್ಟಿದ್ದಾನೆ. ದಿನಾ ಸಂಜೆ ವಿಡಿಯೋ ಕಾಲಿನಲ್ಲಿ ಬಂದು ಅಡುಗೆ ಏನೆಂದು ವಿಚಾರಿಸುತ್ತಾನೆ. ಅಂದು ನನಗಾಗಿ ಪತ್ತಿರ್ ಎಂಬ ತೆಳ್ಳಗಿನ ಅಕ್ಕಿ ರೊಟ್ಟಿ ಮತ್ತು ಮೀನಿನ ಸಾರು. ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ನಾನು ಕಣ್ಣು ಬಿಡುತ್ತಿದ್ದರೆ, ದಮ್ಮಾಮಿನಿಂದ ಅವನು "ಬರೀ ಅನ್ನ ಉಂಡೆ ಮಾಡಿ ನುಂಗ್ಲಿಕ್ಕೆ ಹೇಳು!" ಎಂದು ಕೂಗುತ್ತಿದ್ದ. ಪರದೇಶದಿಂದ ಪರದೇಶಕ್ಕೆ ಬಂದ ಆ ಉಪದೇಶದಿಂದ ಮುಳ್ಳು ಇಳಿಯಿತು.

ಊಟವಾದ ಮೇಲೆ ಜೊಹರಾ ಜೊತೆ ವಾದಕ್ಕಿಳಿದೆ. "ಮುಚ್ಚಿಟ್ರ ರೋಗ ಬೆಳಿತದ ನೋಡ್ರಿ. ನಮ್ಮಲ್ಲಿ ಬಯಲಿಗೆ ಬಂದ ಮ್ಯಾಲ ಮಂದಿ ಹೆದರೂದು ಬಿಟ್ರು."

"ನಿಮ್ಮಲ್ಲಿ ಹಾಗೆ. ಇಲ್ಲಿ ಹೀಗೆ," ಎಂದಳು. "ನಾಳೆ ಬೆಳ್ತಂಗಡಿಗೆ ಹೋಗುವ. ಆಮೇಲೆ ಹೇಳಿ."

ಬೆಳ್ತಂಗಡಿ

ಕೂಟ ಸೇರಿದ್ದು ಒಂದು ಹಳೆಯ ಟ್ಯುಟೋರಿಯಲ್ ಕಟ್ಟಡದ ಮಾಳಿಗೆಯಲ್ಲಿ. ಎಲ್ಲರೂ ಚೆನ್ನಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಮದುವೆಗೆ ಬಂದವರಂತೆ ಅಚ್ಚುಕಟ್ಟಾಗಿ ಕೂತಿದ್ದರು. ನಾನು ಉತ್ಸಾಹದಿಂದ, "ಬೆಳ್ತಂಗಡಿಯವರು ಯಾರ್ಯಾರು ಅದೀರಿ? ಕೈ ಎತ್ರಿ!" ಎಂದೆ.

ಒಂದು ಕೈಯೂ ಏಳಲಿಲ್ಲ. ನಾಚಿಕೆ ಇರಬೇಕು ಅಂದುಕೊಂಡು ಇನ್ನೊಮ್ಮೆ ಕೇಳಿದೆ. ಆಗ ಜೊಹರಾ ಕಿವಿಯಲ್ಲಿ ಹೇಳಿದಳು: "ಇವರೆಲ್ಲ ಮೂಡುಬಿದಿರೆಯವರು. ಬೆಳ್ತಂಗಡಿಯವರು ಬಂಟ್ವಾಳಕ್ಕೆ ಬರ್ತಾರೆ. ಬಂಟ್ವಾಳದವರು ಮೂಡುಬಿದಿರೆಗೆ ಹೋಗ್ತಾರೆ."

ಅವರವರ ಊರಲ್ಲಿ ಮೆಟ್ಟಿಲು ಹತ್ತಿದರೆ ಕೆಳಗಿನ ಅಂಗಡಿಯವನು ಗುರುತಿನವನು, ಎದುರಿನ ರಿಕ್ಷಾದವನು ದಾಯಾದಿ. ಆದ್ದರಿಂದ ಪ್ರತಿ ಊರಿನವರೂ ಪಕ್ಕದ ಊರಿಗೆ ಹೋಗಿ ತಮ್ಮ ಕಷ್ಟ ಹೇಳಿಕೊಂಡು ಬರುತ್ತಾರೆ. ಮೂರು ಊರಿನ ನಡುವೆ ಗಿರಗಿಟ್ಟಲೆ ತಿರುಗುವ ಈ ಪದ್ಧತಿ ಕೇಳಿ ನಾನು ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು, ಆದರೆ ಸದ್ದಿಲ್ಲದೆ. "ಬಸ್ಸಿನವರಿಗೆ ಲಾಭ ಆಗ್ಲಿ ಬಿಡಿ," ಎಂದರು ಒಬ್ಬ ನಿವೃತ್ತ ಮೇಷ್ಟರು.

ನಗು ನಿಂತ ಮೇಲೆ ಮಾತು ಚೆನ್ನಾಗಿ ನಡೆಯಿತು. ಮಾತ್ರೆ ತಪ್ಪಿಸದೆ ತೆಗೆದುಕೊಂಡರೆ ವೈರಸ್ಸು ಪರೀಕ್ಷೆಗೇ ಸಿಗದಷ್ಟು ಇಳಿಯುತ್ತದೆ, ಹಾಗೆ ಇಳಿದೇ ಇದ್ದರೆ ಸಂಗಾತಿಗೂ ಹರಡುವುದಿಲ್ಲ ಅನ್ನುವುದು ಅವರಿಗೆಲ್ಲ ಗೊತ್ತಿತ್ತು. ಯಾರೂ ಮಾತ್ರೆ ತಪ್ಪಿಸುವವರಲ್ಲ. ಶಿಸ್ತಿನಲ್ಲಿ ನಮ್ಮವರು ಇವರಿಂದ ಕಲಿಯಬೇಕು. ಆದರೂ ಒಳಗೊಳಗೆ ನನಗೆ ಸಮಾಧಾನವಿರಲಿಲ್ಲ. ಇಷ್ಟೊಂದು ಬಾಗಿಲು ಹಾಕಿಕೊಂಡು ಬದುಕುವುದು ಹೇಗೆ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಮೂಡುಬಿದಿರೆ

ಇಲ್ಲಿ ಕೂಟಕ್ಕೆ ಜಾಗ ಕೊಟ್ಟವರು ಪದ್ಮಮ್ಮ ಎಂಬ ಜೈನ ಅಜ್ಜಿ. ಅವರ ಮನೆಯ ಉದ್ದನೆಯ ಜಗಲಿ, ಸಾಲಾಗಿ ಕೆತ್ತಿದ ಕಂಬಗಳು. ಹೆಸರಿಗೆ ಇದು ಹೊಲಿಗೆ ಕ್ಲಾಸು. ಗೋಡೆಗೆ ಒರಗಿಸಿಟ್ಟ ಎರಡು ಮಿಷನ್ನುಗಳೂ ಇವೆ. ಅಜ್ಜಿ ಯಾರನ್ನೂ ಏನೂ ಕೇಳುವುದಿಲ್ಲ. ಹೊತ್ತು ಮುಳುಗುವ ಮೊದಲು ಎಲ್ಲರೂ ಉಪಾಹಾರ ಮುಗಿಸಬೇಕು ಅನ್ನುವುದೊಂದೇ ಅವರ ಷರತ್ತು, ಯಾಕೆಂದರೆ ಆಮೇಲೆ ಆ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ನಾನು ಮಾತಿನ ಭರದಲ್ಲಿದ್ದಾಗ ಅವರು ಬಾಗಿಲಲ್ಲಿ ನಿಂತು ಆಕಾಶ ತೋರಿಸಿದರು. ನನ್ನ ಬಾಯಿ ಮುಚ್ಚಿಸಿದ್ದು ಆ ಪ್ರವಾಸದಲ್ಲಿ ಅವರೊಬ್ಬರೇ.

ಬಂಟ್ವಾಳದ ಕಡೆಯಿಂದ ಬಂದವರ ನಡುವೆ ಹರಿಣಾಕ್ಷಿ ಇದ್ದಳು. ನೇತ್ರಾವತಿ ದಂಡೆಯ ನರಿಕೊಂಬಿನವಳು, ಮನೆಯಲ್ಲಿ ಬೀಡಿ ಕಟ್ಟುವವಳು. ಸೊಂಟದ ಮೇಲೆ ದುಂಡನೆಯ ಹೆಣ್ಣುಮಗು. ಬಸುರಿಯಾಗಿದ್ದಾಗ ಮಾಡಿದ ರಕ್ತ ಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ಆಮೇಲೆ ಪುಣೆಯ ಹೋಟೆಲಿನಲ್ಲಿ ದುಡಿಯುವ ಗಂಡನಿಗೂ ಇದೆ ಎಂದು ತಿಳಿಯಿತು. ಇಬ್ಬರೂ ಔಷಧಿಯಲ್ಲಿದ್ದಾರೆ. ಮನೆಯಲ್ಲಿರುವ ಅತ್ತೆ ಗುಲಾಬಿಗೆ ಮಾತ್ರ ಗೊತ್ತಿಲ್ಲ.

"ಅತ್ತೆಗೆ ಗೊತ್ತಾದ್ರೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ತಾರೋ ಇಲ್ವೋ," ಎಂದಳು. "ಊರಿಗೆ ಗೊತ್ತಾದ್ರೆ ಮಗುವನ್ನು ಯಾರೂ ಮುಟ್ಲಿಕ್ಕಿಲ್ಲ. ನನಗೆ ಅದೇ ಹೆದರಿಕೆ."

ಹೊಲಿಗೆ ಕಲಿಯುತ್ತೇನೆಂದು ಹೇಳಿ ಬರುವವಳಿಗೆ ಒಂದು ಗುಂಡಿ ಹಚ್ಚಲೂ ಬಾರದು. ಅತ್ತೆ ಒಮ್ಮೆ ತನಗೊಂದು ರವಿಕೆ ಹೊಲಿದುಕೊಡು ಅಂದಾಗ, ಕೂಟದಲ್ಲಿದ್ದ ನಿಜವಾದ ಟೈಲರ್ ಹೆಂಗಸು ಹೊಲಿದುಕೊಟ್ಟಿದ್ದಳಂತೆ. ಅತ್ತೆ ಅದನ್ನು ಊರಿಗೆಲ್ಲ ತೋರಿಸಿ ಬಂದಿದ್ದರಂತೆ. ಇದನ್ನು ಹೇಳುವಾಗ ಜಗಲಿಯೆಲ್ಲ ನಗು.

ಅಂದು ಅವಳು ಸುಮ್ಮಸುಮ್ಮನೆ ನಗುತ್ತಿದ್ದಳು. ಮಗುವಿನ ಕೊನೆಯ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮಗುವಿಗೆ ಸೋಂಕಿಲ್ಲ. ನಾನು ಮಗುವನ್ನು ಎತ್ತಿ ಜಗಲಿಯ ತುಂಬ ಕುಣಿಸಿದೆ. ಕಣ್ಣಲ್ಲಿ ನೀರು ಬಂತು, ತಡೆಯಲಿಲ್ಲ.

ಹೊರಡುವಾಗ ಹರಿಣಾಕ್ಷಿ ನನ್ನ ಕೈ ಹಿಡಿದಳು. "ಬಾಗಲಕೋಟೆ ಕಡೆಯಿಂದ ಹೊಲಿಗೆ ಟೀಚರ್ ಬಂದಿದ್ದಾರೆ ಅಂತ ಅತ್ತೆಗೆ ಹೇಳಿದ್ದೇನೆ. ಅಷ್ಟು ದೂರದಿಂದ ಬಂದವರನ್ನು ಒಂದು ಊಟಕ್ಕೆ ಕರೀಬೇಕು ಅಂತ ಅತ್ತೆಯೇ ಹೇಳಿದ್ರು. ಬರ್ತೀರಲ್ಲ?"

ಬರುತ್ತೇನೆ ಎಂದು ಮಾತು ಕೊಟ್ಟೆ.

ವಿಟ್ಲ

ವಿಟ್ಲದ್ದು ಮುಚ್ಚುಮರೆಯ ಕೂಟವಲ್ಲ, ಮಹಿಳೆಯರಿಗಾಗಿ ಏರ್ಪಡಿಸಿದ್ದ ಅರಿವಿನ ಕಾರ್ಯಕ್ರಮ. ಅಡಿಕೆ ಅಂಗಡಿಗಳ ಸಾಲಿನ ಹಿಂದಿನ ಸಭಾಭವನ ಭರ್ತಿಯಾಗಿತ್ತು. ಬಹಳ ದಿನದ ಮೇಲೆ ಮೈಕು ಕಂಡು ನನಗೂ ಹುರುಪು ಬಂತು. ಸೆರಗು ಸಿಕ್ಕಿಸಿ, "ನನಗ ಎಚ್‌ಐವಿ ಐತಿ" ಎಂದು ಶುರುಮಾಡಿದೆ. ಆಮೇಲೆ ಒಂದೊಂದೇ ಪ್ರಶ್ನೆ ಬಂತು. ಒಂದೇ ಬಾವಿಯ ನೀರು ಕುಡಿದರೆ? ಸೊಳ್ಳೆ ಕಚ್ಚಿದರೆ? ಒಬ್ಬರು ಕಟ್ಟಿದ ಬೀಡಿ ಇನ್ನೊಬ್ಬರು ಸೇದಿದರೆ? "ಎಚ್‌ಐವಿ ಬರೂದಿಲ್ರಿ, ಆದ್ರ ಬೀಡಿ ಸೇದಿದ್ರ ಕೆಮ್ಮು ಬರ್ತದ," ಎಂದೆ. ಸಭೆ ನಕ್ಕಿತು. ವಯಸ್ಸು, ಜಾತಿ, ಸಿರಿವಂತಿಕೆ ಯಾವುದನ್ನೂ ಈ ರೋಗ ನೋಡುವುದಿಲ್ಲ, ಎಲ್ಲರೂ ಒಮ್ಮೆ ರಕ್ತ ತೋರಿಸಿಕೊಳ್ಳಿ ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ನಾನು ಉಬ್ಬಿ ಹೋಗಿದ್ದೆ.

ಆ ಉಬ್ಬು ಮರುದಿನ ಬೆಳಗಿನವರೆಗೂ ಉಳಿಯಲಿಲ್ಲ. ಚಹಾದ ಹೊತ್ತಿಗೆ ಜೊಹರಾ ಫೋನು ಹಿಡಿದು ಬಂದಳು. ಯಾರೋ ನನ್ನ ಭಾಷಣ ವಿಡಿಯೋ ಮಾಡಿದ್ದರು. ಅದು ವಿಟ್ಲದಿಂದ ದಮ್ಮಾಮಿಗೆ ಹೋಗಿ, ಅವಳ ಗಂಡನಿಂದ ಫರಂಗಿಪೇಟೆಗೆ ವಾಪಸು ಬಂದಿತ್ತು.

"ಚಂದ ಮಾತಾಡಿದ್ದೀರಿ," ಎಂದಳು. "ಆದ್ರೆ ಇವತ್ತು ನೀವು ಹರಿಣಾಕ್ಷಿಯ ಮನೆಗೆ ಹೋಗ್ಲಿಕ್ಕುಂಟಲ್ಲ. ಈ ಮುಖ ಆ ಮನೆಯ ಅಂಗಳಕ್ಕೆ ಹೋದ್ರೆ ಅವಳ ಗತಿ ಎಂತ?"

ಚಹಾ ಲೋಟ ಕೆಳಗಿಟ್ಟೆ. ನನ್ನ ಬಾಯಿ ನನ್ನದೇ ಅಂದುಕೊಂಡಿದ್ದೆ. ಅದು ಇನ್ನೊಬ್ಬಳ ಮನೆಯ ಬಾಗಿಲು ತೆಗೆಯುತ್ತದೆ ಎಂದು ತಿಳಿದಿರಲಿಲ್ಲ. ಹೋಗುವುದಿಲ್ಲ ಎಂದು ಹೇಳಲು ಹರಿಣಾಕ್ಷಿಗೆ ಫೋನು ಮಾಡಿದೆವು. ಅವಳು ಒಪ್ಪಲಿಲ್ಲ. "ಅತ್ತೆ ಬೆಳಿಗ್ಗೆಯೇ ಕೋಳಿ ತಂದಾಗಿದೆ. ಅವರದು ಸಣ್ಣ ಫೋನ್, ಅದರಲ್ಲಿ ವಾಟ್ಸಾಪ್ ಇಲ್ಲ. ನೀವು ಬರದಿದ್ರೆ ಟೀಚರ್ ಯಾಕೆ ಬರ್ಲಿಲ್ಲ ಅಂತ ಕ್ಲಾಸಿಗೇ ಕೇಳಿಕೊಂಡು ಬಂದಾರು!"

ಜೊಹರಾ ಯೋಚಿಸಿ ನನ್ನ ಇಳಕಲ್ ಸೀರೆ ಬಿಚ್ಚಿಸಿದಳು. ತನ್ನದೊಂದು ಹೂವಿನ ನೈಲಾನ್ ಸೀರೆ ಉಡಿಸಿ, ಗಂಡ ಸತ್ತ ಮೇಲೂ ನಾನು ಬಿಡದ ಹಣೆಯ ಅಗಲ ಕುಂಕುಮ ಒರೆಸಿ ಸಾಸಿವೆಯಷ್ಟು ಬೊಟ್ಟಿಟ್ಟಳು. ಕನ್ನಡಿಯಲ್ಲಿ ಯಾರೋ ಬ್ಯಾಂಕಿನ ಮೇಡಂ ನಿಂತಿದ್ದಳು. "ಮಾತು ಕಡಿಮೆ ಮಾಡಿ," ಎಂದು ಒಂದೇ ಬುದ್ಧಿವಾದ ಹೇಳಿದಳು. ಅವಳು ಜೊತೆಗೆ ಬರಲಿಲ್ಲ, ಬಂದರೆ ಗುರುತು ಇನ್ನೂ ಸುಲಭ.

ನರಿಕೊಂಬು

ರಿಕ್ಷಾ ಇಳಿದು ಹೊಳೆಯ ಬದಿಯ ದಾರಿಯಲ್ಲಿ ನಡೆದು ಹೋದೆ. ಹೊಳೆ ತುಂಬಿತ್ತು, ಗಾಳಿ ತಂಪಿತ್ತು. ಹರಿಣಾಕ್ಷಿಯ ಮನೆಯ ಜಗಲಿಯಲ್ಲಿ ಅಕ್ಕಪಕ್ಕದ ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಾ ಕೂತಿದ್ದರು. ಒಬ್ಬೊಬ್ಬರೇ ಕಟ್ಟಿದರೆ ಬೇಸರ ಅಂತ ಇಲ್ಲಿ ಒಟ್ಟಿಗೆ ಕೂರುತ್ತಾರೆ. ಇದು ನನಗೆ ಯಾರೂ ಹೇಳಿರಲಿಲ್ಲ.

ಅತ್ತೆ ಗುಲಾಬಿ ಎದ್ದು ಬಂದರು. ಸಣಕಲು ಮೈ, ಬೆಳ್ಳಿ ಕೂದಲು, ಬೀಡಿ ಎಲೆ ಕತ್ತರಿಸಿ ಗಡಸಾದ ಬೆರಳು. "ಬನ್ನಿ ಟೀಚರ್, ಕೂತುಕೊಳ್ಳಿ," ಎಂದು ಬೆಲ್ಲ, ನೀರು ತಂದಿಟ್ಟರು. ನಾನು ತಲೆಯಾಡಿಸಿದೆ. ನಕ್ಕೆ. ಮತ್ತೆ ತಲೆಯಾಡಿಸಿದೆ. ಹರಿಣಾಕ್ಷಿ ಮಗುವನ್ನು ನನ್ನ ಮಡಿಲಿಗೆ ಹಾಕಿದಳು. ಎಲ್ಲ ಸರಿಹೋಗುವ ಹಾಗಿತ್ತು.

ಆಗ ಗುಲಾಬಕ್ಕ ಒಳಗಿಂದ ಆ ರವಿಕೆ ತಂದರು. "ನಿಮ್ಮ ಶಿಷ್ಯೆ ಹೊಲಿದದ್ದು. ತೋಳು ಸ್ವಲ್ಪ ಬಿಗಿ ಆಗ್ತದೆ. ಒಮ್ಮೆ ನೋಡಿ."

ನಾನು ಜೀವಮಾನದಲ್ಲಿ ಹೊಲಿದದ್ದು ಗೋಣಿಚೀಲ. ರವಿಕೆಯನ್ನು ಆ ಕಡೆ ಈ ಕಡೆ ತಿರುಗಿಸಿದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. "ಎರಡ್ ಸಲ ಒಗೀರಿ, ತಾನ ಸಡ್ಲಾಗ್ತದ," ಎಂದೆ.

ಪಕ್ಕದ ಮನೆಯ ವನಜಾಳ ಬೆರಳು ಬೀಡಿಯ ಮೇಲೆ ನಿಂತಿತು. "ಈ ಸ್ವರ ನಾನು ಎಲ್ಲಿಯೋ ಕೇಳಿದ್ದೇನೆ," ಎಂದಳು. ಮೊರ ಕೆಳಗಿಟ್ಟು ಫೋನು ತೆಗೆದಳು. ಮರುಗಳಿಗೆ ನನ್ನ ದನಿ ಆ ಅಂಗಳಕ್ಕೆ ಬಂತು, "ನನಗ ಎಚ್‌ಐವಿ ಐತಿ."

ವನಜಾ ಫೋನನ್ನು ನನ್ನ ಮುಖದ ಪಕ್ಕ ಹಿಡಿದು ನೋಡಿದಳು. "ಇದು ನೀವೇ ಅಲ್ವಾ?"

ಅಲ್ಲ ಎಂದು ನಾನು ಎಂದೂ ಹೇಳಿದವಳಲ್ಲ. ಹೌದು ಅಂದರೆ ಹರಿಣಾಕ್ಷಿ ಸಿಕ್ಕಿಬೀಳುತ್ತಾಳೆ. ಸಂತೆಯನ್ನೇ ನಿಲ್ಲಿಸುವ ನನ್ನ ಗಂಟಲಲ್ಲಿ ಒಂದು ಪದ ಏಳಲಿಲ್ಲ. ನನಗೆ ಅಷ್ಟು ಹೆದರಿಕೆ ಹಿಂದೆ ಆಗಿದ್ದು ನೆನಪಿಲ್ಲ.

ವನಜಾ ನನ್ನನ್ನು ಬಿಟ್ಟು ಆ ಕಡೆ ತಿರುಗಿದಳು. "ಹರಿಣಾಕ್ಷಿ, ನಿನಗೆ ಇವರ ಗುರ್ತ ಹೇಗೆ?"

ಹರಿಣಾಕ್ಷಿ ನನ್ನ ಮಡಿಲಿನ ಮಗುವನ್ನು ಸರಕ್ಕನೆ ಎತ್ತಿ ಎದೆಗೆ ಒತ್ತಿಕೊಂಡಳು. ಮುಖ ಬಿಳುಚಿತ್ತು. ಗುಲಾಬಕ್ಕ ವನಜಾಳ ಕೈಯಿಂದ ಫೋನು ಇಸಕೊಂಡು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು, ಬಹಳ ಹೊತ್ತು ನೋಡಿದರು. ಅವರಿಗೆ ಎಲ್ಲವೂ ಆಗಲೇ, ಆ ಜಗಲಿಯ ಮೇಲೆಯೇ ತಿಳಿಯಿತು ಎಂದು ನನಗೆ ಗೊತ್ತಾಯಿತು.

ಫೋನನ್ನು ವನಜಾಳ ಮೊರದಲ್ಲಿ ಇಟ್ಟು ಅವರು ಹೇಳಿದರು: "ಅವಳಿಗೆ ಎಂತ ಗುರ್ತ? ಇವರನ್ನು ಊಟಕ್ಕೆ ಕರೆದದ್ದು ನಾನು. ನನಗೆ ಒಂದು ರಕ್ತ ಪರೀಕ್ಷೆ ಮಾಡಿಸ್ಲಿಕ್ಕುಂಟು. ಅದರ ಬಗ್ಗೆ ಕೇಳುವ ಅಂತ. ಟೀಚರ್ ಅಂತ ಹೇಳಿದ್ದು ನಿಮ್ಮ ಬಾಯಿಗೆ ಹೆದರಿ."

"ನಿಮಗಾ? ಈ ಪ್ರಾಯದಲ್ಲಾ?"

"ಪ್ರಾಯ ನೋಡಿ ಬರ್ತದಾ ಅದು? ನಿನ್ನ ಫೋನಲ್ಲೇ ಹೇಳ್ತಾ ಇದ್ದಾರಲ್ಲ, ಸರಿ ಕೇಳು."

ಸ್ವಲ್ಪ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಒಲೆಯ ಮೇಲೆ ಅನ್ನ ಇಟ್ಟು ಬಂದದ್ದು ನೆನಪಾಗಿ ಎದ್ದು ಹೋದರು. ಜಗಲಿ ಖಾಲಿಯಾದ ಮೇಲೆ ಅತ್ತೆ, ಸೊಸೆ ತುಳುವಿನಲ್ಲಿ ಮಾತಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಅತ್ತೆ ಏನೋ ಕೇಳಿದರು, ಸೊಸೆ ಮಗುವನ್ನು ಮುಂದೆ ಹಿಡಿದು ತಲೆ ಅಡ್ಡ ಆಡಿಸಿದಳು. ಮತ್ತೇನೋ ಕೇಳಿದರು, ಸೊಸೆ ಅಳುತ್ತಾ ಹೌದೆಂದು ಗೋಣು ಹಾಕಿದಳು. ಆಗ ಆ ಮುದುಕಿ ಗೋಡೆ ಹಿಡಿದು ಕೂತುಬಿಟ್ಟರು. ನಾನು ಹತ್ತಿರ ಹೋಗಬೇಕೋ ಬೇಡವೋ ತಿಳಿಯದೆ ಕಂಬದ ಹಾಗೆ ನಿಂತಿದ್ದೆ. ಕೊನೆಗೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಸೊಸೆಯ ತೋಳನ್ನು ಜೋರಾಗಿ ಚಿವುಟಿ, ಏನೋ ಬೈದು, ಒಳಗೆ ಹೋಗಿ ತಟ್ಟೆ ಇಟ್ಟರು.

ಊಟಕ್ಕೆ ಕೋರಿ ರೊಟ್ಟಿ. ಹಪ್ಪಳದಂತೆ ಗರಿಗರಿಯಾದ ಅಕ್ಕಿ ರೊಟ್ಟಿಯ ಮೇಲೆ ಕೋಳಿ ಸಾರು ಸುರಿದುಕೊಂಡು ತಿನ್ನಬೇಕು. ನಾನು ನಮ್ಮ ಜೋಳದ ರೊಟ್ಟಿಯೆಂದೇ ಮಡಚಲು ಹೋದೆ, ಅದು ಫಟಾರೆಂದು ಒಡೆದು ಮಗುವಿನ ತಲೆಯ ಮೇಲೆಲ್ಲ ಹಾರಿತು. ಮಗು ಕೇಕೆ ಹಾಕಿತು. ಅತ್ತ ಕಣ್ಣಲ್ಲೇ ಹರಿಣಾಕ್ಷಿ ನಕ್ಕಳು. ಗುಲಾಬಕ್ಕ ನಗಲಿಲ್ಲ, ಆದರೆ ನನ್ನ ತಟ್ಟೆಗೆ ಮತ್ತೆರಡು ತುಂಡು ಕೋಳಿ ಹಾಕಿ, "ಸಾರಿನಲ್ಲಿ ನೆನೆಯಲಿಕ್ಕೆ ಬಿಡಿ ಟೀಚರ್," ಎಂದರು. ಅಷ್ಟು ರುಚಿಯಾದ ಊಟ ನಾನು ಆ ಕಡೆ ಬೇರೆಲ್ಲೂ ಮಾಡಲಿಲ್ಲ.

ರಸ್ತೆಯವರೆಗೆ ಬಿಡಲು ಹರಿಣಾಕ್ಷಿ ಬಂದಳು. ಅತ್ತೆ ಏನು ಕೇಳಿದರೆಂದು ದಾರಿಯಲ್ಲಿ ಹೇಳಿದಳು. ಮೊದಲು ಕೇಳಿದ್ದು ಮಗುವಿಗೆ ಉಂಟಾ ಎಂದು. ಆಮೇಲೆ ಮಗನಿಗೆ ಉಂಟಾ ಎಂದು. ಚಿವುಟಿದ್ದು ಇಷ್ಟು ಕಾಲ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಕ್ಕೆ.

"ನಾಳೆ ಊರೆಲ್ಲ ಅತ್ತೆಯ ಬಗ್ಗೆ ಮಾತಾಡ್ತಾರಲ್ಲ?" ಎಂದು ಕೇಳಿದೆ.

"ನಾನೂ ಅದನ್ನೇ ಕೇಳಿದೆ," ಎಂದಳು. ನಡೆಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡಳು. "ಅದಕ್ಕೆ ಅವರು, 'ಆಡ್ಲಿ ಬಿಡು. ನನಗೆ ಇನ್ನು ಮದುವೆ ಆಗ್ಲಿಕ್ಕುಂಟಾ? ಮಗುವಿಗೆ ಅಂಗನವಾಡಿಗೆ ಹೋಗ್ಲಿಕ್ಕುಂಟು' ಅಂದ್ರು."